ಗುಂಗು

ಹಗಲೆಲ್ಲ ಸಾಗರದ ಕಂಬ ಹತ್ತಿ ಇಳಿಯುತ್ತೇನೆ.
ಫ್ಯೂಸು ಹೋದರೆ ಊರ ಬಾಯಲ್ಲಿ ನನ್ನದೇ ಹೆಸರು,
ಬಂದ ಮೇಲೆ ಯಾರಿಗೂ ನೆನಪಿಲ್ಲ.
ರಾತ್ರಿ ಒಂಬತ್ತಕ್ಕೆ ಕೈಗೆ ಬೂದಿ ಉಜ್ಜಿ ಗ್ರೀಸು ತೆಗೆದು
ಬೆಸುಗೆ ಕಡ್ಡಿ ಕಾಯಲಿಟ್ಟು ಕೂರುತ್ತೇನೆ.
ಊರಿಗೆಲ್ಲ ಹಂಚುವವನಿಗೆ
ಹನ್ನೆರಡು ವೋಲ್ಟು ಬೇಕಾಗಿದೆ, ಶುದ್ಧದ್ದು.

ಪ್ರಿಆಂಪು ಕಟ್ಟಿದ್ದು ಎರಡೇ ಭಾನುವಾರದಲ್ಲಿ.
ಅದಕ್ಕೆ ಉಣಿಸುವುದು ಹೇಗೆಂದು ಕಲಿಯಲು
ಮೂರು ವರ್ಷ.

ಮೊದಲ ಸಲ ಹಚ್ಚಿದಾಗ
ಜೇನು ಪೆಟ್ಟಿಗೆಗೆ ಕಿವಿಯಿಟ್ಟ ಹಾಗೆ ಗುಂಯ್ ಅಂತು.
ನಾಗವೇಣಿ ಒಳಗಿಂದಲೇ,
"ಶ್ರುತಿ ಪೆಟ್ಟಿಗೆ ಮಾಡಿದ್ರಾ? ಚೆನ್ನಾಗಿದೆ.
ನನ್ನ ಸ್ವರಕ್ಕೆ ಒಂಚೂರು ತಗ್ಗು."

ನಾಲ್ಕು ಡಯೋಡು ಸೇರಿ
ಏರುವ ಅಲೆ, ಇಳಿಯುವ ಅಲೆ ಎರಡನ್ನೂ
ಒಂದೇ ದಿಕ್ಕಿಗೆ ಅಟ್ಟುತ್ತವೆ, ಐವತ್ತು ನೂರಾಗುತ್ತದೆ,
ಉಬ್ಬು ಮಾತ್ರ ಹಾಗೇ.
ಕೆಪಾಸಿಟರು ಅಂದರೆ ಬಚ್ಚಲ ಹಂಡೆ:
ನಲ್ಲಿ ಬಿಟ್ಟು ಬಿಟ್ಟು ಬಂದರೂ
ಕೆಳಗಿನ ಧಾರೆ ಕಡಿಯಬಾರದು.
ಸಾವಿರದ್ದು ಕಿತ್ತು ನಾಲ್ಕು ಸಾವಿರದ ಏಳುನೂರರದ್ದು ಕೂರಿಸಿದೆ.
ಗುಂಯ್ ತಗ್ಗಿತು. ಹೋಗಲಿಲ್ಲ.
ಮೂರು ಕಾಲಿನ ರೆಗ್ಯುಲೇಟರು ತಂದೆ,
ಮೇಲಿಂದ ಎಷ್ಟೇ ಬರಲಿ ತನ್ನ ಅಳತೆ ಬಿಡದ
ನ್ಯಾಯಬೆಲೆ ಅಂಗಡಿಯ ಹುಚ್ಚಪ್ಪನಂಥದ್ದು.
ಎದುರಿನ ಹಿಟ್ಟಿನ ಗಿರಣಿ ಶುರುವಾಯಿತೋ
ಬೀದಿಯ ವೋಲ್ಟೇಜು ಕುಸಿದು
ಹುಚ್ಚಪ್ಪನೂ ಕೈಚೆಲ್ಲುತ್ತಿದ್ದ:
ಮೂಟೆಯೇ ಬರದಿದ್ದರೆ ಅವನಾದರೂ ಏನು ಅಳೆದಾನು?
ಹನ್ನೆರಡರ ಟ್ರಾನ್ಸ್‌ಫಾರ್ಮರು ತೆಗೆದು ಹದಿನೈದರದ್ದು ಹಾಕಿದೆ.

ಆಮೇಲೂ ಗುಂಯ್.

ರೇಡಿಯೋ ರಿಪೇರಿಯ ಗಫೂರ್ ಸಾಬರು
ಮುಚ್ಚಳ ಎತ್ತಿ ನೋಡಿ, ಎಲೆಯಡಿಕೆ ಉಗಿದು ಬಂದು ಅಂದರು:
"ಒಲೆಯನ್ನ ಮಲಗುವ ಕೋಣೆಯಲ್ಲಿಟ್ಟು
ಹೊಗೆಗೆ ಬೈತೀಯಲ್ಲ ಮಾರಾಯ!"
ಟ್ರಾನ್ಸ್‌ಫಾರ್ಮರು ಬಿಸ್ಕತ್ತಿನ ಡಬ್ಬಿಗೆ ಹೋಯಿತು,
ಡಬ್ಬಿ ಮೇಜಿನ ಕೆಳಗೆ, ನಡುವೆ ಎರಡಡಿ ತಂತಿ.
ಬಸ್ಸಿಗೆ ನಿಂತವರ ಹಾಗೆ ಒಂದರ ಹಿಂದೊಂದು ನಿಂತಿದ್ದ
ಅರ್ಥಿನ ತಂತಿಗಳನ್ನೆಲ್ಲ ಬಿಚ್ಚಿ
ಒಂದೇ ತಿರುಪಿನ ಕೆಳಗೆ ತಂದೆ.

ಮಂಗಳವಾರ ರಾತ್ರಿ ಹಚ್ಚಿದೆ.
ಕೆಂಪು ದೀಪ. ಅಷ್ಟೇ.
ನಾಗವೇಣಿ ಬಾಗಿಲಿಗೆ ಬಂದು,
"ಕರೆಂಟು ಹೋಯ್ತಾ?"
ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ
ಆ ಪ್ರಶ್ನೆಗೆ ಖುಷಿಪಟ್ಟದ್ದು ಅದೊಂದೇ ಸಲ.

ಇನಾಸ್ ಮೇಸ್ತ್ರಿಯ ಕ್ಯಾಸೆಟ್ಟು ಹಾಕಿದೆ.
ಎಂಬತ್ತೇಳು. ನನಗಾಗ ಹದಿನಾಲ್ಕು.
ಅವರ ತಗಡಿನ ಶೆಡ್ಡಿನಲ್ಲಿ ಮದುವೆ ಬ್ಯಾಂಡಿನ ತಾಲೀಮು,
ಗುಂಡಿ ಒತ್ತಿ ಹಿಡಿದವನು ನಾನೇ.
ಇಷ್ಟು ವರ್ಷ ಕ್ಲಾರಿಯೊನೆಟ್ಟು ಮಾತ್ರ ಕೇಳಿದ್ದೆ;
ಈಗ ಉಸಿರೆಳೆಯುವುದು, ರೀಡಿಗೆ ನಾಲಗೆ ತಾಗುವುದು,
ಯಾರೋ ಸ್ಟೂಲು ಜರುಗಿಸಿದ್ದು, ಮೇಸ್ತ್ರಿ ಬೈದದ್ದು,
ಬೈಸಿಕೊಂಡವನು ಮೂಗು ಒರೆಸಿದ್ದು.
ಅದರ ಕೆಳಗೆ, ತೀರಾ ಕೆಳಗೆ,
ಗುಂಯ್.

ಟೇಪು ನಿಲ್ಲಿಸಿದೆ: ಇಲ್ಲ.
ಬಿಟ್ಟೆ: ಇದೆ.
ಮತ್ತೆ ನಿಲ್ಲಿಸಿದೆ. ನನ್ನದಲ್ಲ.
ಅಂದು ಆ ರೆಕಾರ್ಡರು ಉಂಡ ಕರೆಂಟಿನದು.

ಆವತ್ತು ಲಿಂಗನಮಕ್ಕಿಯಿಂದ ಬಿಟ್ಟ ನೀರು
ಚಕ್ರ ತಿರುಗಿಸಿ, ಕೆಲಸ ಮುಗಿಸಿ,
ಹೊನ್ನಾವರದ ಕಡಲು ಸೇರಿ ಎಷ್ಟು ಕಾಲವಾಯಿತು!
ಮೇಸ್ತ್ರಿಯೂ ಇಲ್ಲ, ಶೆಡ್ಡು ಇದ್ದಲ್ಲಿ ಮೊಬೈಲ್ ಅಂಗಡಿ.
ಆ ನೀರು ಮಾತ್ರ ಕಂದು ಪಟ್ಟಿಯ ಮೇಲೆ
ಅವರ ಉಸಿರಿನಡಿ ಹಿಡಿದ ಆಧಾರ ಷಡ್ಜ ಬಿಟ್ಟಿಲ್ಲ.

ತೆಗೆಯಲು ಉಪಾಯವಿದೆಯಂತೆ.
ನೂರು ಹಾಯುವ ಜಾಗದಲ್ಲಿ ಸಣ್ಣ ಬಲೆ ಕಟ್ಟಿದರಾಯಿತು,
ನಾಲ್ಕಾಣೆ ಕೆಲಸ, ಅಂದರು ಸಾಬರು.
ಬಿಡಿಭಾಗ ತಂದಿದ್ದೇನೆ, ಮಾತ್ರೆ ಕಟ್ಟಿಕೊಡುವ ಲಕೋಟೆಯಲ್ಲಿ.
ಕಡ್ಡಿ ಕಾದಿದೆ. ಲಕೋಟೆ ಬಿಚ್ಚಿಲ್ಲ.

ಫೋನು ಬಡಿಯುತ್ತಿದೆ.
ವರದಹಳ್ಳಿ ರಸ್ತೆಯಲ್ಲಿ ತಂತಿ ತುಂಡಾಗಿದೆಯಂತೆ.